ಹಳೆಯ ಚೀಲ, ಹೊಸ ತರಗತಿ

ಮೇ ತಿಂಗಳ ಕೊನೆಯ ವಾರದಲ್ಲಿ ಕುಂದಾಪುರದ ಪೇಟೆಗೆ ಹೋದವರಿಗೆ ಒಂದು ಸಂಗತಿ ಕಾಣದಿರದು. ಕೊಡೆಯಂಗಡಿಯ ಗಿರಾಕಿಗಳೂ ಪುಸ್ತಕದಂಗಡಿಯ ಗಿರಾಕಿಗಳೂ ಅಂದು ಒಬ್ಬರೇ. ಕರಾವಳಿಯಲ್ಲಿ ಮುಂಗಾರು ಮಳೆಯೂ ಶಾಲೆಯ ಗಂಟೆಯೂ ಹೆಚ್ಚುಕಡಮೆ ಜೊತೆಜೊತೆಯಾಗಿ ಬರುವುದರಿಂದ, ಒಂದೇ ಸಂಬಳದಲ್ಲಿ ಎರಡಕ್ಕೂ ಸಿದ್ಧತೆ ನಡೆಯಬೇಕು. ಕೈಯಲ್ಲಿ ಚೀಟಿ ಹಿಡಿದ ತಾಯಿ, ಪಕ್ಕದಲ್ಲಿ ಎಂಟನೆಯ ತರಗತಿಗೆ ಕಾಲಿಡಲಿರುವ ಮಗ. ಸಾಲಾಗಿ ತೂಗುಬಿದ್ದ ಹೊಸ ಚೀಲಗಳ ಮೇಲೆ ಅವನ ಕಣ್ಣು.

“ಹೋದ ವರ್ಷದ ಚೀಲ ಗಟ್ಟಿಯಾಗಿಯೇ ಇದೆಯಲ್ಲ, ಮಾಣಿ?”

“ಅದ್ ನಂಗ್ ಬ್ಯಾಡ.”

“ಎಂತಕ್ಕೆ ಬ್ಯಾಡ?”

ಮಗನಿಂದ ಉತ್ತರವಿಲ್ಲ. ಅವನು ನೆಲ ನೋಡುತ್ತಾನೆ. ಹಿಂದೆ ನಿಂತ ಗಿರಾಕಿಗಳಿಗೆ ಅವಸರ, ಅಂಗಡಿಯವನಿಗೆ ವ್ಯಾಪಾರದ ಗಡಿಬಿಡಿ. ತಾಯಿ ಒಂದೋ ಗದರಿಸಿ ಮಗನನ್ನು ಸುಮ್ಮನಾಗಿಸುತ್ತಾಳೆ, ಇಲ್ಲವೇ ನಿಟ್ಟುಸಿರಿಟ್ಟು ಹಣದ ಚೀಲ ತೆರೆಯುತ್ತಾಳೆ. ಎರಡರಲ್ಲಿ ಯಾವುದು ನಡೆದರೂ, ಆ ಮೌನದ ಕಾರಣ ಮಾತ್ರ ಅಂಗಡಿಯಲ್ಲಿಯೇ ಉಳಿದುಬಿಡುತ್ತದೆ.

ಕುಂದಾಪುರದಿಂದ ಪೂರ್ವಕ್ಕೆ, ವಂಡ್ಸೆಯನ್ನು ದಾಟಿ ಘಟ್ಟದ ಬುಡದತ್ತ ಸಾಗಿದರೆ ಸಿಗುವ ಕೆರಾಡಿಯಂಥ ಗ್ರಾಮಗಳಿಂದಲೂ ಜನ ಈ ಪೇಟೆಗೇ ಬರುತ್ತಾರೆ. ಅಡಿಕೆ ತೋಟ, ಗದ್ದೆಬಯಲು, ಕಾಡು, ನಡುನಡುವೆ ದೂರ ದೂರವಾಗಿ ಮನೆಗಳು. ಮೂಡಗಲ್ಲಿನ ಗುಹೆಯಲ್ಲಿ ನೀರಿನ ನಡುವೆ ನೆಲಸಿದ ಕೇಶವನಾಥೇಶ್ವರನ ಸನ್ನಿಧಿ. ಇಂಥ ಊರಿನ ಮಗು ತನ್ನೂರಿನ ಶಾಲೆಯನ್ನು ಬಿಟ್ಟು ಪೇಟೆಯ ಶಾಲೆಗೆ ಸೇರುವ ಜೂನ್ ತಿಂಗಳು ಅದರ ಬಾಳಿನ ಒಂದು ದೊಡ್ಡ ತಿರುವು. ಅಲ್ಲಿಯವರೆಗೆ ಅದರ ಚೀಲವನ್ನು ಚೀಲವೆಂದೇ ಎಲ್ಲರೂ ನೋಡಿದ್ದರು. ಹೊಸ ತರಗತಿಯಲ್ಲಿ ಅದು ಮನೆಯ ಸ್ಥಿತಿಗತಿಗಳ ಜಾಹೀರಾತಾಗಿ ಮಾರ್ಪಡುತ್ತದೆ. ಕೆರಾಡಿಯ ಮಗುವಿಗೆ ಕುಂದಾಪುರದಲ್ಲಿ ಆಗುವುದೇ ಕುಂದಾಪುರದ ಮಗುವಿಗೆ ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಆಗುತ್ತದೆ ಎಂಬುದನ್ನು ಊರು ಬದಲಿಸಿದ ಸಂಸಾರಗಳು ಬಲ್ಲವು.

ಜೂನ್ ತಿಂಗಳ ಖರ್ಚಿನಲ್ಲಿ ಒಂದು ದೊಡ್ಡ ಪಾಲು ವಿದ್ಯೆಗಾಗಿ ಆಗುವುದಲ್ಲ, ಭಯಕ್ಕಾಗಿ ಆಗುವುದು. ತಮ್ಮ ಮಗುವನ್ನು ಯಾರಾದರೂ ನಕ್ಕಾರೆಂಬ ಹೆದರಿಕೆಯಿಂದ ತಂದೆತಾಯಂದಿರು ಕೈಮೀರಿ ಕೊಳ್ಳುತ್ತಾರೆ. ಕೊಂಡ ಮೇಲೆ ನಗು ನಿಂತಿತೇ ಎಂದು ವಿಚಾರಿಸುವವರು ಬಹು ವಿರಳ.

ಕಾಣುವ ಉಳಿತಾಯ, ಕಾಣದ ಉಳಿತಾಯ

ಮೊದಲು ಹಣದ ಮಾತನ್ನು ಮುಗಿಸೋಣ. ಮನೆಯ ಉಳಿತಾಯದಲ್ಲಿ ಎರಡು ಬಗೆ. ಮನೆಯವರಿಗಷ್ಟೇ ಗೊತ್ತಾಗುವುದು ಒಂದು. ಮಗುವಿನ ಮೈಮೇಲೆ ಎದ್ದು ಕಾಣುವುದು ಇನ್ನೊಂದು. ಜಾಣ ಗೃಹಿಣಿ ಮೊದಲನೆಯದರಲ್ಲಿ ಎಷ್ಟು ಕಟ್ಟುನಿಟ್ಟಾಗಿದ್ದರೂ ತಪ್ಪಿಲ್ಲ. ಎರಡನೆಯದರಲ್ಲಿ ಮಾತ್ರ ಸ್ವಲ್ಪ ಯೋಚಿಸತಕ್ಕದ್ದು.

ಸಮವಸ್ತ್ರದ ಲಂಗವನ್ನೇ ತೆಗೆದುಕೊಳ್ಳಿ. ಬೆಳೆಯುವ ಹುಡುಗಿಗೆಂದು ಕೆಳ ಅಂಚಿನಲ್ಲಿ ನಾಲ್ಕು ಬೆರಳು ಮಡಿಕೆಯಿಟ್ಟು ಹೊಲಿಸುವುದು ನಮ್ಮ ತಾಯಂದಿರ ಹಳೆಯ ಜಾಣತನ. ಮರುವರ್ಷ ಆ ಮಡಿಕೆಯನ್ನು ಬಿಚ್ಚಿದರೆ ಬಟ್ಟೆ ಉದ್ದವಾಗುವುದು ನಿಜವೇ; ಆದರೆ ಬಿಸಿಲಿಗೂ ಒಗೆತಕ್ಕೂ ಮಾಸದ ಒಂದು ಗಾಢ ಪಟ್ಟೆ ಲಂಗದ ಸುತ್ತ ಎದ್ದು ತೋರುತ್ತದೆ. ಆ ಪಟ್ಟೆಯನ್ನು ಓದಲು ತರಗತಿಯ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಅದೇ ಹೆಚ್ಚಿನ ಬಟ್ಟೆಯನ್ನು ಸೊಂಟಪಟ್ಟಿಯ ಒಳಗೆ ಮಡಿಸಿಡುವಂತೆ ದರ್ಜಿಗೆ ಹೇಳಿದರೆ, ಮರುವರ್ಷ ಗುರುತು ಬಿದ್ದರೂ ಅದು ಅಂಗಿಯ ಕೆಳಗೆ ಅಡಗಿಹೋಗುತ್ತದೆ. ಖರ್ಚು ಒಂದೇ, ಬಟ್ಟೆ ಒಂದೇ, ಉಳಿತಾಯವೂ ಒಂದೇ. ಅಣ್ಣನ ಅಂಗಿ ತಮ್ಮನಿಗೆ ಬಂದಾಗಲೂ ಹೀಗೆಯೇ. ಕಾಲರಿನ ಒಳಗೆ ಶಾಯಿಯಿಂದ ಬರೆದ ಹೆಸರು, ಜೇಬಿನ ಮೇಲಿನ ಹಳೆಯ ಲಾಂಛನದ ಗುರುತು, ಬೇರೆ ಬಣ್ಣದ ಗುಂಡಿ, ಇವಿಷ್ಟನ್ನು ಒಂದು ಸಂಜೆ ಕುಳಿತು ಸರಿಪಡಿಸಿದರೆ ಆ ಅಂಗಿ ತಮ್ಮನದೇ ಆಗುತ್ತದೆ.

ಕರಾವಳಿಯಲ್ಲಿ ಕೈಬಿಚ್ಚಿ ಖರ್ಚು ಮಾಡಬೇಕಾದ ವಸ್ತುವೂ ಒಂದಿದೆ. ಅದು ಚೀಲವಲ್ಲ, ಇನ್ನೊಂದು ಜೊತೆ ಬಟ್ಟೆ. ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಎರಡು ಜೊತೆ ಸಮವಸ್ತ್ರ ಜುಲೈ ತಿಂಗಳಿಗೆ ಸಾಲದು. ಒಗೆದದ್ದು ಎರಡು ದಿನವಾದರೂ ಒಣಗದೆ ಕಮಟು ವಾಸನೆ ಹೊಡೆಯುತ್ತದೆ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆಯ ವಾಸನೆ. ಹಳೆಯ ಚೀಲವನ್ನು ಕಂಡು ನಕ್ಕವರು ನಾಲ್ಕು ದಿನದಲ್ಲಿ ಮರೆತಾರು. ಪಕ್ಕದಲ್ಲಿ ಕುಳಿತ ಮಗುವಿನ ಬಟ್ಟೆಯ ವಾಸನೆಗೆ ಮೂಗು ಮುಚ್ಚಿಕೊಂಡವರು ಅಡ್ಡಹೆಸರನ್ನು ಇಡದೆ ಬಿಡರು. ಆದುದರಿಂದ ಚೀಲದ ಹಣದಲ್ಲಿ ಮೂರನೆಯ ಅಂಗಿ ಬರುವುದಾದರೆ ಅಂಗಿಯನ್ನೇ ಕೊಳ್ಳುವುದು ಲೇಸು. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆ ಅಪ್ಪಟ ಹತ್ತಿಗಿಂತ ಬೇಗ ಒಣಗುತ್ತದೆಂಬುದೂ ನೆನಪಿರಲಿ.

ಪಾದರಕ್ಷೆಯಲ್ಲಿಯೂ ಜಿಪುಣತನ ಸಲ್ಲದು. ಎರಡು ವರ್ಷ ಬರಲೆಂದು ಎರಡು ಅಳತೆ ದೊಡ್ಡ ಬೂಟು ಕೊಂಡು ಮುಂದೆ ಕಾಗದ ತುರುಕುವುದು ಉಳಿತಾಯವಲ್ಲ. ಕಾಲುಸಂಕ ದಾಟಿ, ಪಾಚಿಗಟ್ಟಿದ ಅಂಗಳದಲ್ಲಿ ನಡೆದು ಬಸ್ಸು ಹಿಡಿಯುವ ಮಗುವಿಗೆ ಅದು ಅಪಾಯ. ಮಳೆಗಾಲದಲ್ಲಿ ಚರ್ಮದ ಬೂಟಿನ ಗೋಜೇ ಬೇಡವೆಂದು, ಹಿಡಿತವಿರುವ ಚಪ್ಪಲಿಗೆ ಅನುಮತಿ ಕೊಡುವ ಶಾಲೆಗಳು ಹಲವಿವೆ. ಕೇಳಿ ತಿಳಿದ ನಂತರವೇ ಅಂಗಡಿಯ ಮೆಟ್ಟಲು ಹತ್ತುವುದು ಒಳ್ಳೆಯದು.

ಇನ್ನು ಕಾಗದದ ವಿಚಾರ. ಹಳೆಯ ನೋಟುಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಬಿಡಿಸಿ, ದಪ್ಪ ದಾರದಿಂದ ನಡುವೆ ಹೊಲಿದು, ಕಳೆದ ವರ್ಷದ ಕ್ಯಾಲೆಂಡರಿನ ಹಾಳೆಯಿಂದ ಬೈಂಡ್ ಹಾಕಿದರೆ ಲೆಕ್ಕ ಬಿಡಿಸುವ ಪುಸ್ತಕಗಳು ಎರಡೋ ಮೂರೋ ಸಿದ್ಧವಾಗುತ್ತವೆ. ಅವು ಮನೆಯಲ್ಲಿಯೇ ಇರತಕ್ಕವು. ಶಾಲೆಗೆ ಒಯ್ಯುವವು ಹೊಸವೇ ಇರಲಿ. 2025ರ ಸೆಪ್ಟೆಂಬರ್ 22ರಿಂದ ನೋಟುಬುಕ್ಕು, ಪೆನ್ಸಿಲ್, ರಬ್ಬರ್, ಬಣ್ಣದ ಕಡ್ಡಿ, ಭೂಪಟ ಇವುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಪೂರ್ತಿ ತೆಗೆದುಹಾಕಲಾಗಿದೆ. ಹಳೆಯ ಬೆಲೆಯನ್ನೇ ಮುದ್ರಿಸಿಕೊಂಡ ಸರಕು ಎದುರಾದರೆ ರಸೀದಿ ಕೇಳಲು ಸಂಕೋಚಪಡಬೇಕಾಗಿಲ್ಲ.

ಪಠ್ಯಪುಸ್ತಕಗಳನ್ನು ಹಿರಿಯ ವಿದ್ಯಾರ್ಥಿಗಳಿಂದ ಪಡೆಯುವ ಪದ್ಧತಿ ಬಹಳ ಒಳ್ಳೆಯದಾದರೂ ಅಲ್ಲೊಂದು ಎಚ್ಚರಿಕೆ ಬೇಕು. ರಾಜ್ಯದ ಕೆಲವು ಪಠ್ಯಗಳು 2022ರಲ್ಲಿ ಬದಲಾದವು, 2023ರಲ್ಲಿ ಮತ್ತೆ ಬದಲಾದವು. ಹಳೆಯದನ್ನು ತರುವ ಮೊದಲು ಪಾಠಗಳ ಪಟ್ಟಿಯನ್ನು ಹೊಸದರೊಡನೆ ಹೋಲಿಸಿ ನೋಡಬೇಕು. ಪುಸ್ತಕಗಳೆಲ್ಲವನ್ನೂ ದಿನವೂ ಹೊರಿಸುವುದೂ ಸಲ್ಲದು. ಶಾಲಾ ಚೀಲದ ತೂಕ ಮಗುವಿನ ತೂಕದ ನೂರಕ್ಕೆ ಹತ್ತನ್ನು ಮೀರಬಾರದೆಂದು ರಾಜ್ಯ ಸರ್ಕಾರ 2019ರಲ್ಲಿ ಆದೇಶಿಸಿದೆ. ಒಂದು ಎರಡನೆಯ ತರಗತಿಗೆ ಒಂದೂವರೆಯಿಂದ ಎರಡು ಕಿಲೋ, ಎಂಟನೆಯದಕ್ಕೆ ಹೆಚ್ಚೆಂದರೆ ನಾಲ್ಕು, ಹತ್ತನೆಯದಕ್ಕೆ ಹೆಚ್ಚೆಂದರೆ ಐದು. ಮೈಸೂರಿನ ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರು ರಾಜ್ಯಸಭೆಯ ಸದಸ್ಯರಾಗಿದ್ದಾಗ ಮಕ್ಕಳ ಬೆನ್ನ ಮೇಲಿನ ಇದೇ ಹೊರೆಯ ಕುರಿತು ಮಾತನಾಡಿದ್ದರು. ಭಾರ ಕಡಮೆಯಾದರೆ ಚೀಲವೂ ಹೆಚ್ಚು ಕಾಲ ಬಾಳುತ್ತದೆ. ಅದು ಹರಿಯುವುದು ಸಾಮಾನ್ಯವಾಗಿ ಪಟ್ಟಿಯ ಬುಡದಲ್ಲಿಯೇ. ಜಿಪ್ಪಿನ ರನ್ನರ್ ಹಾಳಾದ ಮಾತ್ರಕ್ಕೆ ಚೀಲವನ್ನೇ ಎಸೆಯುವ ಮನೆಗಳುಂಟು. ಚಪ್ಪಲಿ ರಿಪೇರಿಯವನ ಕೈಯಲ್ಲಿ ಅದು ಹತ್ತು ನಿಮಿಷದ ಕೆಲಸ. ಮಳೆಯಲ್ಲಿ ಪುಸ್ತಕ ನೆನೆಯದಿರಲು ಚೀಲದ ಹೊರಗೆ ಹೊದಿಕೆ ಹಾಕುವುದಕ್ಕಿಂತ ಒಳಗೊಂದು ದೊಡ್ಡ ಪ್ಲಾಸ್ಟಿಕ್ ಚೀಲವನ್ನಿಟ್ಟು ಅದರೊಳಗೆ ಪುಸ್ತಕ ಜೋಡಿಸುವುದು ಮೇಲು. ಹಿಂದೆ ಗದ್ದೆಯಲ್ಲಿ ಗೊರಬು ಹೊದ್ದವರ, ಪ್ಲಾಸ್ಟಿಕ್ ಕೊಪ್ಪೆಯಲ್ಲಿ ಶಾಲೆಗೆ ನಡೆದವರ ಮೊಮ್ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾದದ್ದು ಸ್ವಲ್ಪ ವಿಚಿತ್ರವೇ ಸರಿ.

ಕೇಳದವರಿಗೆ ದಕ್ಕದ ನಿಯಮ

ಖಾಸಗಿ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಸಂಸಾರಗಳಿಗೆ ಇದಕ್ಕಿಂತಲೂ ದೊಡ್ಡ ಉಳಿತಾಯ ಒಂದು ನಿಯಮದಲ್ಲಿ ಅಡಗಿದೆ. ಕರ್ನಾಟಕ ಶಿಕ್ಷಣ ಕಾಯ್ದೆಯ ಅಡಿಯಲ್ಲಿ 1995ರಲ್ಲಿ ರಚಿತವಾದ ನಿಯಮಾವಳಿಯ ಹನ್ನೊಂದನೆಯ ನಿಯಮ ಸಮವಸ್ತ್ರಕ್ಕೆ ಸಂಬಂಧಿಸಿದ್ದು. ಮಾನ್ಯತೆ ಪಡೆದ ಸಂಸ್ಥೆ ತನ್ನ ಸಮವಸ್ತ್ರವನ್ನು ತಾನೇ ಗೊತ್ತುಪಡಿಸಬಹುದು. ಆದರೆ ಒಮ್ಮೆ ಗೊತ್ತುಪಡಿಸಿದ್ದನ್ನು ಮುಂದಿನ ಐದು ವರ್ಷಗಳ ಕಾಲ ಬದಲಿಸಕೂಡದು. ಬದಲಿಸುವುದಿದ್ದರೆ ಒಂದು ವರ್ಷ ಮುಂಚೆಯೇ ಪೋಷಕರಿಗೆ ತಿಳುವಳಿಕೆ ಕೊಡಬೇಕು. ಬಟ್ಟೆಯನ್ನು ಯಾವ ಅಂಗಡಿಯಲ್ಲಿ ಕೊಳ್ಳಬೇಕು, ಯಾವ ದರ್ಜಿಯಿಂದ ಹೊಲಿಸಬೇಕು ಎಂಬುದು ವಿದ್ಯಾರ್ಥಿಯ ಅಥವಾ ಪೋಷಕರ ಇಚ್ಛೆಗೆ ಬಿಟ್ಟದ್ದು. ಪುಸ್ತಕಗಳನ್ನು ಶಾಲೆಯಲ್ಲಿಯೇ ಕೊಳ್ಳಬೇಕೆಂಬ ಬಲವಂತವೂ ಇಲ್ಲ.

2022ರಲ್ಲಿ ಸಮವಸ್ತ್ರದ ವಿವಾದ ಉಡುಪಿಯಿಂದ ಹೊರಟು ನ್ಯಾಯಾಲಯದ ಮೆಟ್ಟಲೇರಿದಾಗ ಈ ನಿಯಮದ ಸಂಖ್ಯೆ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದರಲ್ಲಿ ಪೋಷಕರ ಜೇಬಿಗೆ ಸಂಬಂಧಿಸಿದ ಅಂಶಗಳೂ ಇವೆಯೆಂಬುದು ಮಾತ್ರ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಒಬ್ಬರೇ ಹೋಗಿ ಕೇಳಿದರೆ ಮಗುವಿನ ಮೇಲೆ ಕಣ್ಣು ಬೀಳಬಹುದೆಂಬ ಅಂಜಿಕೆ ಸಹಜ. ತರಗತಿಯ ಎಂಟು ಹತ್ತು ಮಂದಿ ಪೋಷಕರು ಜೊತೆಗೂಡಿ, ಒಂದೇ ಅರ್ಜಿಯಲ್ಲಿ, ವಿನಯದಿಂದ ಕೇಳಿದರೆ ಆ ಅಂಜಿಕೆಗೆ ಎಡೆಯಿಲ್ಲ. ಜೊತೆಗೂಡಿದವರು ಬಟ್ಟೆಯನ್ನೂ ಸಗಟಿನಲ್ಲಿಯೇ ತರಬಹುದಲ್ಲ!

ಸರ್ಕಾರಿ ಶಾಲೆಗಳಲ್ಲಿ ವಿದ್ಯಾವಿಕಾಸ ಯೋಜನೆಯಡಿ ಪಠ್ಯಪುಸ್ತಕ, ಸಮವಸ್ತ್ರ, ಬೂಟು, ಕಾಲುಚೀಲಗಳು ಉಚಿತ. ಅವು ವೇಳೆಗೆ ಬಾರದಿದ್ದಾಗ ಬಾಲಕನೊಬ್ಬನ ಹೆಸರಿನಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಕರ್ನಾಟಕ ಉಚ್ಚ ನ್ಯಾಯಾಲಯ 2019ರಲ್ಲಿ, ಎರಡು ಜೊತೆ ಸಮವಸ್ತ್ರವನ್ನು ಬೂಟು ಕಾಲುಚೀಲಗಳ ಸಹಿತ ಕೊಡತಕ್ಕದ್ದೆಂದು ಆದೇಶಿಸಿತು. ಸಮವಸ್ತ್ರವನ್ನು ಬರಿಯ ಬಟ್ಟೆಯೆಂದು ಭಾವಿಸುವವರು ಈ ಪ್ರಕರಣವನ್ನು ಗಮನಿಸಬೇಕು. ಎಲ್ಲರೂ ಒಂದೇ ಬಗೆಯಲ್ಲಿ ಉಟ್ಟಾಗ ಬಡವ ಬಲ್ಲಿದರ ಭೇದ ಮರೆಯಾಗಲೆಂಬುದು ಅದರ ಉದ್ದೇಶ. ಅಂಥ ತರಗತಿಯಲ್ಲಿ ಒಂದೇ ಮಗು ಬಣ್ಣದ ಬಟ್ಟೆಯಲ್ಲಿ ಕುಳಿತರೆ ಅದೇ ಭೇದ ಇಮ್ಮಡಿಯಾಗಿ ಕಾಣುತ್ತದೆ.

ಚೀಲದ ಹಿಂದಿನ ಮಾತು

ಈಗ ಅಂಗಡಿಯಲ್ಲಿ ನೆಲ ನೋಡುತ್ತ ನಿಂತ ಹುಡುಗನ ಬಳಿಗೆ ಹೋಗೋಣ. ಗಟ್ಟಿಮುಟ್ಟಾದ ಚೀಲ ಅವನಿಗೆ ಏಕೆ ಬೇಡ? ಶೋಕಿಯೂ ಇರಬಹುದು. ಆ ವಯಸ್ಸಿನಲ್ಲಿ ಅದು ದೊಡ್ಡ ಅಪರಾಧವೇನಲ್ಲ. ಆದರೆ ಕಳೆದ ವರ್ಷವೆಲ್ಲ ಅದೇ ಚೀಲವನ್ನು ಯಾರೋ ಬಸ್ಸಿನಲ್ಲಿ ಕಸಿದು ಕೈಯಿಂದ ಕೈಗೆ ಎಸೆದಿರಲೂಬಹುದು. ಅದಕ್ಕೊಂದು ಹೆಸರಿಟ್ಟಿರಬಹುದು, ಆ ಹೆಸರು ಚೀಲದಿಂದ ಹುಡುಗನಿಗೇ ಅಂಟಿಕೊಂಡಿರಬಹುದು. ಹಾಗಿದ್ದಲ್ಲಿ ಅವನು ಬೇಡುತ್ತಿರುವುದು ಹೊಸ ಚೀಲವನ್ನಲ್ಲ. ಆ ಹೆಸರಿನಿಂದ ಬಿಡುಗಡೆ ಬೇಕೆಂಬುದು ಅವನ ಮಾತಿನ ಅರ್ಥ.

ಹೊಸ ಚೀಲ ಅವನನ್ನು ಬಿಡಿಸಬಲ್ಲುದೇ? ಇದನ್ನು ಕೂಲಂಕಷವಾಗಿ ವಿಚಾರಿಸಿದವರಿದ್ದಾರೆ. ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯ ಬರ್ಗೆನ್ ನಗರದಲ್ಲಿ ಕೆಲಸಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ 1970ರ ದಶಕದಿಂದಲೇ ಶಾಲಾ ಮಕ್ಕಳ ಪೀಡನೆಯ ವಿಷಯದಲ್ಲಿ ಸಂಶೋಧನೆ ನಡೆಸಿದರು. ಕನ್ನಡಕ, ಕೆಂಪು ಕೂದಲು, ದಪ್ಪ ಮೈ, ಮಾತಿನ ಧಾಟಿ, ಉಡುಪು ಇಂಥ ಹೊರಗಿನ ಲಕ್ಷಣಗಳೇ ಪೀಡನೆಗೆ ಕಾರಣವೆಂದು ಆಗ ಎಲ್ಲರೂ ನಂಬಿದ್ದರು, ಪೀಡಿತ ಮಕ್ಕಳು ಕೂಡ. ಅವರ ಅಧ್ಯಯನ ಆ ನಂಬಿಕೆಯನ್ನು ಸಮರ್ಥಿಸಲಿಲ್ಲ. ಪೀಡೆಗೊಳಗಾಗದ ಮಕ್ಕಳಲ್ಲಿಯೂ ಅಂಥ ಲಕ್ಷಣಗಳು ಬೇಕಾದಷ್ಟಿದ್ದವು. ದೈಹಿಕವಾಗಿ ದುರ್ಬಲರಾಗಿ, ಅಂಜುಬುರುಕರಾಗಿ, ಜೊತೆಗೆ ನಿಲ್ಲುವ ಗೆಳೆಯರಿಲ್ಲದೆ ಒಂಟಿಯಾಗಿರುವ ಮಕ್ಕಳನ್ನು ಪೀಡಕರು ಆರಿಸಿಕೊಳ್ಳುತ್ತಿದ್ದರು. ಆರಿಸಿಕೊಂಡ ಮೇಲೆ ಗೇಲಿಗೆ ಒಂದು ನೆಪವನ್ನು ಹುಡುಕುತ್ತಿದ್ದರು. ಚೀಲ ಬದಲಾದರೆ ಟಿಫಿನ್ ಡಬ್ಬಿ ಸಿಕ್ಕೀತು, ಡಬ್ಬಿ ಬದಲಾದರೆ ಕೂದಲು. ಹಣದಿಂದ ನೆಪಗಳನ್ನು ಒಂದೊಂದಾಗಿ ಕೊಂಡು ಮುಗಿಸಲು ಯಾವ ತಂದೆಯಿಂದಲೂ ಆಗದು.

ಎಲ್ಲ ಕೀಟಲೆಯೂ ಪೀಡನೆಯಲ್ಲ ಎಂಬುದನ್ನೂ ಓಲ್ವೇಯಸ್ ಸ್ಪಷ್ಟಪಡಿಸಿದರು. ಸಮಬಲರಾದ ಇಬ್ಬರು ಗೆಳೆಯರು ಜಗಳವಾಡಿ ಮಾತು ಬಿಡುವುದು ಬೇರೆ. ನೋಯಿಸಬೇಕೆಂಬ ಉದ್ದೇಶದಿಂದ, ಮತ್ತೆ ಮತ್ತೆ, ಎದುರಿಸಲಾರದವನ ಮೇಲೆ ನಡೆಯುವುದು ಬೇರೆ. ಮೊದಲನೆಯದರಲ್ಲಿ ಹಿರಿಯರು ಕೈಹಾಕದಿರುವುದೇ ಉಚಿತ. ಎರಡನೆಯದನ್ನು ಮಕ್ಕಳಾಟವೆಂದು ತಳ್ಳಿಹಾಕಿದರೆ ಏನಾಗುತ್ತದೆಂಬುದಕ್ಕೆ ನಾರ್ವೆಯ ದುರಂತವೇ ಸಾಕ್ಷಿ. 1982ರಲ್ಲಿ ಆ ದೇಶದ ಉತ್ತರ ಭಾಗದ ಮೂವರು ಬಾಲಕರು ಪ್ರಾಣ ಕಳೆದುಕೊಂಡರು. ಸಹಪಾಠಿಗಳ ಹಿಂಸೆಯೇ ಕಾರಣವೆಂದು ನಂಬಲಾಯಿತು. ಮರುವರ್ಷವೇ ದೇಶಾದ್ಯಂತ ಶಾಲೆಗಳಲ್ಲಿ ಪೀಡನೆಯ ವಿರುದ್ಧ ಕಾರ್ಯಕ್ರಮ ಆರಂಭವಾಯಿತು.

ನಮ್ಮ ಕಡೆಯ ಮಕ್ಕಳಿಗೆ ಮಾತೇ ಒಂದು ನೆಪ. ಮನೆಯಲ್ಲಿ ‘ಹೋಯ್ಕ್’ ‘ಬರ್ಕ್’ ಎಂದು ಆಡಿಕೊಂಡು ಬೆಳೆದ ಕುಂದಾಪುರ ಸೀಮೆಯ ಮಗು ಬೆಂಗಳೂರಿನ ತರಗತಿಯಲ್ಲಿ ಬಾಯಿ ತೆರೆದರೆ ಮೊದಲು ಕೇಳಿಸುವುದು ನಗು. ಅನೇಕ ಮಕ್ಕಳು ಒಂದೇ ತಿಂಗಳಿನಲ್ಲಿ ತಮ್ಮ ನುಡಿಯನ್ನು ನುಂಗಿಕೊಳ್ಳುತ್ತಾರೆ. ಕೆರಾಡಿಯವರೇ ಆದ ರಿಷಬ್ ಶೆಟ್ಟಿಯವರು ತಮ್ಮೂರಿನಲ್ಲಿಯೇ ಬಹುಭಾಗ ಚಿತ್ರೀಕರಿಸಿದ ‘ಕಾಂತಾರ’ 2022ರಲ್ಲಿ ತೆರೆಗೆ ಬಂದಾಗ ಇದೇ ಸೀಮೆಯ ನುಡಿಯನ್ನು ನಾಡೆಲ್ಲ ಆಸಕ್ತಿಯಿಂದ ಕೇಳಿತು. ಅದರ ಅಭಿನಯಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂದಿತು. ಆಟಿ ಅಮಾವಾಸ್ಯೆಯಂದು ಕುಂದಾಪ್ರ ಕನ್ನಡದ ದಿನವನ್ನು ಊರ ಹೊರಗಿನವರೂ ಈಗ ಸಂಭ್ರಮದಿಂದ ಆಚರಿಸುತ್ತಾರೆ. ನಕ್ಕವರ ಮನೆಯವರೇ ಟಿಕೆಟ್ಟು ಕೊಂಡು ಆ ಮಾತನ್ನು ಕೇಳಿ ಬಂದರೆಂಬುದು ಮಗುವಿಗೆ ತಿಳಿಸತಕ್ಕ ಸಂಗತಿ.

ಮಗು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಸೋಮವಾರ ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವು, ವಾರಕ್ಕೆರಡು ಬಾರಿ ಕಳೆದುಹೋಗುವ ಪೆನ್ಸಿಲ್ ಡಬ್ಬಿ, ಕಿತ್ತುಬಂದ ಗುಂಡಿ, ಊಟದ ಡಬ್ಬಿ ಖಾಲಿಯಾಗಿದ್ದರೂ ಮನೆಗೆ ಬಂದೊಡನೆ ಹಸಿವು, ಹತ್ತಿರದ ದಾರಿಯನ್ನು ಬಿಟ್ಟು ಸುತ್ತುದಾರಿಯಲ್ಲಿ ಬರುವುದು, ಕಾರಣವಿಲ್ಲದೆ ಹಣ ಕೇಳುವುದು, ಇವು ಅದರ ಭಾಷೆ. ಕಳೆದುಹೋದ ವಸ್ತುಗಳಿಗಾಗಿ ಬೈಸಿಕೊಳ್ಳುವ ಮಗು ಎರಡು ಕಡೆಯಿಂದ ಏಟು ತಿನ್ನುತ್ತಿರಬಹುದು.

ಮಕ್ಕಳೇ ಆರಿಸಿಕೊಂಡ ಮಿತ್ರ

ಮಗು ಹೇಳಿಕೊಳ್ಳುವುದಾದರೂ ಯಾರಲ್ಲಿ? ಈ ಪ್ರಶ್ನೆಗೆ ಪೇಟೆಯವರು ಕೆರಾಡಿಯ ಕಡೆಗೇ ತಿರುಗಿ ನೋಡಬಹುದು. ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಎಂಬ ಬೆಂಗಳೂರಿನ ಸಂಸ್ಥೆ ಹೋಟೆಲುಗಳಲ್ಲಿಯೂ ಮನೆಗಳಲ್ಲಿಯೂ ದುಡಿಯುವ ಮಕ್ಕಳ ನಡುವೆ ಕೆಲಸಮಾಡುತ್ತ, 1990ರಲ್ಲಿ ಆ ಮಕ್ಕಳದೇ ಸಂಘಟನೆಯಾದ ಭೀಮಸಂಘ ಹುಟ್ಟಲು ನೆರವಾಯಿತು. ಉಡುಪಿ ಹೋಟೆಲುಗಳ ತವರಾದ ಕುಂದಾಪುರ ಸೀಮೆಯಿಂದ ಎಷ್ಟೋ ಹುಡುಗರು ಶಾಲೆ ಬಿಟ್ಟು ದೂರದ ನಗರಗಳಿಗೆ ಹೋಗುತ್ತಿದ್ದ ಕಾಲವದು. 1995ರಲ್ಲಿ ಈ ತಾಲ್ಲೂಕಿನ ಕೆಲವು ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಪಂಚಾಯತಿಗಳು ಆರಂಭವಾದವು. ಕೆರಾಡಿ ಅವುಗಳಲ್ಲೊಂದು. ಶಾಲೆಗೆ ಹೋಗುವ ಮಕ್ಕಳೂ ದುಡಿಯುವ ಮಕ್ಕಳೂ ಸೇರಿ ತಮ್ಮ ಪ್ರತಿನಿಧಿಗಳನ್ನು ಚುನಾಯಿಸಿ, ತಮ್ಮ ತೊಂದರೆಗಳನ್ನು ಹಿರಿಯರ ಪಂಚಾಯತಿಯ ಮುಂದಿಟ್ಟರು. ಶಾಲೆಗೆ ಹೋಗುವ ದಾರಿ, ಹಳ್ಳಕ್ಕೊಂದು ಸಂಕ, ಮಳೆಗಾಲದ ಪ್ರಯಾಣ, ಇಂಥ ವಿಷಯಗಳು. ಮುಂದೆ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿಯೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರ್ಕಾರವೇ ಸೂಚಿಸಿತು.

ಈ ಪ್ರಯೋಗದಲ್ಲಿ ಎಲ್ಲಕ್ಕಿಂತ ಗಮನಾರ್ಹವಾದದ್ದು ‘ಮಕ್ಕಳ ಮಿತ್ರ’ ಎಂಬ ಏರ್ಪಾಡು. ಮಕ್ಕಳು ತಮಗೆ ನಂಬಿಕೆಯಿರುವ ಒಬ್ಬ ಹಿರಿಯರನ್ನು ತಾವೇ ಆರಿಸಿಕೊಳ್ಳುತ್ತಾರೆ. ಆಪತ್ತಿನಲ್ಲಿ ಅವರ ಬಳಿಗೆ ಹೋಗುತ್ತಾರೆ. ಮುಖ್ಯೋಪಾಧ್ಯಾಯರು ನೇಮಿಸಿದವರಲ್ಲ, ತಂದೆತಾಯಿ ಗೊತ್ತುಮಾಡಿದವರಲ್ಲ. ನಗರದ ಶಾಲೆಗಳಲ್ಲಿ ದೂರು ಪೆಟ್ಟಿಗೆಗಳುಂಟು, ಸಲಹಾಕಾರರೂ ಇದ್ದಾರೆ. ಮಗು ನಂಬುವ ವ್ಯಕ್ತಿ ಮಾತ್ರ ಬಹುಶಃ ಗ್ರಂಥಾಲಯದ ಆಯಾ ಆಗಿರಬಹುದು, ಆಟದ ಮೇಷ್ಟರಾಗಿರಬಹುದು, ಬಸ್ಸಿನ ಕಂಡಕ್ಟರನೇ ಆಗಿರಬಹುದು. “ಶಾಲೆಯಲ್ಲಿ ನಿನಗೆ ಯಾರ ಹತ್ತಿರ ಮಾತನಾಡಲು ಹೆದರಿಕೆಯಾಗುವುದಿಲ್ಲ?” ಎಂದು ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಯಾರ ಹೆಸರೂ ಬಾರದಿದ್ದರೆ ಚಿಂತಿಸಬೇಕಾದದ್ದೇ.

ಹೇಳಿದ ಮೇಲೆ

ಮಗು ಬಾಯಿಬಿಟ್ಟಿತೆಂದು ಇಟ್ಟುಕೊಳ್ಳಿ. ಆಗ ತಂದೆಯ ಬಾಯಿಂದ ಮೊದಲು ಬರುವ ಮಾತು ಸಾಮಾನ್ಯವಾಗಿ ಎರಡರಲ್ಲೊಂದು: “ನೀನೂ ಎರಡು ಹಾಕಬೇಕಿತ್ತು”, ಇಲ್ಲವೇ “ಅವರ ಗೊಡವೆಗೆ ಹೋಗಬೇಡ.” ಎರಡು ಹಾಕಲು ಆಗುವಂತಿದ್ದರೆ ಅದು ನಿಮ್ಮಲ್ಲಿಗೆ ಬರುತ್ತಲೇ ಇರಲಿಲ್ಲ. ಗೊಡವೆಗೆ ಹೋದದ್ದೂ ಅದಲ್ಲ. ಪೂರ್ತಿ ಕೇಳಿ, ಮುಂದೇನು ಮಾಡಬೇಕೆಂಬುದನ್ನು ಅದರೊಡನೆಯೇ ಯೋಚಿಸುವುದು ಒಳ್ಳೆಯ ಆರಂಭ. ಪೀಡಿಸಿದ ಹುಡುಗನ ಮನೆಗೆ ಸಿಟ್ಟಿನಿಂದ ನುಗ್ಗಿದರೆ ಎರಡು ಮನೆಗಳ ಜಗಳವಾಗಿ, ಮರುದಿನ ಅದರ ಬೆಲೆಯನ್ನು ಮಗುವೇ ತೆರಬೇಕಾಗುತ್ತದೆ.

ಒಂದು ಪುಸ್ತಕದಲ್ಲಿ ದಿನಾಂಕ, ಸ್ಥಳ, ನಡೆದದ್ದು, ಅಲ್ಲಿದ್ದವರು, ಇಷ್ಟನ್ನು ಬರೆದಿಟ್ಟುಕೊಂಡು ತರಗತಿಯ ಅಧ್ಯಾಪಕರನ್ನು ಬೇರೆಯಾಗಿ ಕಾಣಬೇಕು. “ನನ್ನ ಮಗನಿಗೆ ತೊಂದರೆ ಕೊಡುತ್ತಾರೆ” ಎಂಬ ದೂರಿಗಿಂತ “ಮಂಗಳವಾರ ಮಧ್ಯಾಹ್ನ ಕೈತೊಳೆಯುವ ನಳ್ಳಿಯ ಬಳಿ” ಎಂಬ ವಿವರಕ್ಕೆ ಬೆಲೆ ಹೆಚ್ಚು. ಪೀಡನೆ ನಡೆಯುವುದು ಪಾಠದ ವೇಳೆಯಲ್ಲಲ್ಲ. ಹಿರಿಯರ ಕಣ್ಣಿಲ್ಲದ ಜಾಗಗಳಲ್ಲಿ, ಊಟದ ವಿರಾಮದಲ್ಲಿ, ಶೌಚಾಲಯದ ಓಣಿಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ. ಬಿಡುವಿನ ವೇಳೆಯಲ್ಲಿ ಮೇಲ್ವಿಚಾರಣೆ ಹೆಚ್ಚಿಸುವುದಕ್ಕೆ ನಾರ್ವೆಯ ಕಾರ್ಯಕ್ರಮ ಪ್ರಾಮುಖ್ಯ ಕೊಟ್ಟದ್ದು ಇದಕ್ಕಾಗಿಯೇ. ಇಬ್ಬರನ್ನೂ ತರಗತಿಯ ಮುಂದೆ ನಿಲ್ಲಿಸಿ ಕೈಕುಲುಕಿಸುವ ರಾಜಿ ಪಂಚಾಯಿತಿ ಮಾತ್ರ ಬೇಡವೆಂದು ಅಧ್ಯಾಪಕರಲ್ಲಿ ಕೇಳಿಕೊಳ್ಳಬೇಕು. ಸಮಬಲರ ಜಗಳಕ್ಕೆ ರಾಜಿ ಒಪ್ಪುತ್ತದೆ. ಇಲ್ಲಿ ದುರ್ಬಲನಿಗೆ ಅದು ಇನ್ನೊಂದು ಅವಮಾನ.

ಫಿನ್‌ಲೆಂಡಿನ ಸಂಶೋಧಕಿ ಕ್ರಿಸ್ಟೀನಾ ಸಾಲ್ಮಿವಲ್ಲಿಯವರು ಗಮನ ಸೆಳೆದದ್ದು ಸುತ್ತ ನಿಂತು ನೋಡುವ ಮಕ್ಕಳತ್ತ. ಪೀಡಿಸುವವನಿಗೆ ಬೇಕಾದುದು ಪ್ರೇಕ್ಷಕರು. ಅವರು ನಗದಿದ್ದರೆ, ಒಬ್ಬನಾದರೂ ಪೀಡಿತನ ಪಕ್ಕಕ್ಕೆ ಹೋಗಿ ನಿಂತರೆ, ಆಟ ಸಪ್ಪೆಯಾಗುತ್ತದೆ. ಈ ತತ್ವದ ಮೇಲೆ ರೂಪುಗೊಂಡ ‘ಕಿವಾ’ ಎಂಬ ಕಾರ್ಯಕ್ರ್ರಮವನ್ನು ಆ ದೇಶದ ಶಾಲೆಗಳು 2009ರಿಂದ ವ್ಯಾಪಕವಾಗಿ ಅಳವಡಿಸಿಕೊಂಡವು. ಹೊಸ ಶಾಲೆಗೆ ಸೇರುವ ಮಗುವಿಗೆ ಅದೇ ಬಸ್ಸಿನಲ್ಲಿ ಬರುವ ಒಬ್ಬ ಗೆಳೆಯನೋ ಗೆಳತಿಯೋ ಶಾಲೆ ತೆರೆಯುವ ಮೊದಲೇ ಪರಿಚಯವಾಗುವಂತೆ ಮಾಡಿಕೊಟ್ಟರೆ, ಯಾವ ಅಂಗಡಿಯಲ್ಲಿಯೂ ಸಿಗದ ವಸ್ತುವನ್ನು ಅದಕ್ಕೆ ಕೊಡಿಸಿದಂತಾಯಿತು. ಅದಕ್ಕೆ ಬೇಕಾದ ಖರ್ಚು ಒಂದು ಸಂಜೆಯ ಕಾಫಿ ತಿಂಡಿ.

ಶಾಲೆ ಕಿವಿಗೊಡದಿದ್ದರೆ ಮುಂದಿನ ಮೆಟ್ಟಲುಗಳೂ ಇವೆ. ಸರ್ಕಾರಿ ಶಾಲೆಗಳಲ್ಲಿ ಪೋಷಕರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಸಮಿತಿ, ಎಲ್ಲ ಶಾಲೆಗಳ ಮೇಲೆಯೂ ಕ್ಷೇತ್ರ ಶಿಕ್ಷಣಾಧಿಕಾರಿಗಳು, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ರ್‍ಯಾಗಿಂಗನ್ನು ನಿಷೇಧಿಸಿ ಅದಕ್ಕೆ ಶಿಕ್ಷೆಯನ್ನೂ ವಿಧಿಸಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ನೇರವಾಗಿ ದೂರವಾಣಿ ಮಾಡಬಹುದು, ಕರೆ ಉಚಿತ. ಈ ನಾಲ್ಕು ಅಂಕಿಗಳನ್ನು ನೋಟುಬುಕ್ಕಿನ ಬೈಂಡಿನ ಒಳಬದಿಯಲ್ಲಿ ಬರೆದುಕೊಟ್ಟರೆ ತಪ್ಪಿಲ್ಲ.

ಇನ್ನೊಂದು ಅಹಿತವಾದ ಮಾತೂ ಇದೆ. ಪೀಡಿಸುವ ಮಕ್ಕಳಿಗೂ ತಂದೆತಾಯಂದಿರಿದ್ದಾರೆ. ಅವರೂ ಇಂಥ ಲೇಖನಗಳನ್ನು ಓದುತ್ತಾರೆ, ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವುತ್ತಾರೆ. ಮನೆಯಲ್ಲಿ ಅಡುಗೆಯಾಕೆಯ ಸೀರೆಯನ್ನೋ ನೆಂಟರ ಹಳೆಯ ಕಾರನ್ನೋ ಕುರಿತು ಹಿರಿಯರು ಆಡುವ ನಗೆಮಾತು ಮರುದಿನ ತರಗತಿಯಲ್ಲಿ ಯಾರದೋ ಚೀಲದ ಮೇಲೆ ಬೀಳುತ್ತದೆ. ನಿಮ್ಮ ಮಗನ ಮೇಲೆ ದೂರು ಬಂದ ದಿನ, ನಮ್ಮವನು ಅಂಥವನಲ್ಲ ಎಂದು ಎದ್ದು ನಿಲ್ಲುವ ಮೊದಲು ಅಧ್ಯಾಪಕರ ಮಾತನ್ನು ಕೊನೆಯವರೆಗೆ ಕೇಳುವುದು ಅವನಿಗೇ ಉಪಕಾರ.

ಕುಂದಾಪುರದ ಅಂಗಡಿಯಲ್ಲಿ ನಿಂತ ತಾಯಿ ಗದರಿಸದೆ, ಹಣವನ್ನೂ ತೆಗೆಯದೆ, ಮಗನನ್ನು ಹೊರಗೆ ಕರೆತಂದು ಬಸ್ ನಿಲ್ದಾಣದ ಬಳಿ ಎರಡು ಲೋಟ ಕಬ್ಬಿನಹಾಲು ತರಿಸಿಕೊಂಡು ಕುಳಿತಳೆನ್ನಿ. ಮೊದಲ ಲೋಟ ಮುಗಿಯುವವರೆಗೆ ಅವನು ಏನೂ ಹೇಳಲಾರ. ಅವಳಿಗೂ ಅವಸರವಿಲ್ಲ. ಕೆರಾಡಿಯ ಕಡೆಗೆ ಹೋಗುವ ಮುಂದಿನ ಬಸ್ಸಿಗೆ ಇನ್ನೂ ಹೊತ್ತಿದೆ.